ಸೆಗಣಿ ಅನಿಲದ ಪುಣ್ಯ ಯಾರ ಖಾತೆಗೆ?

ಬಂಟ್ವಾಳ ತಾಲೂಕಿನ ಒಳಗಿನ ಒಂದು ಹಳ್ಳಿಯಲ್ಲಿ ನಮ್ಮ ಹಳೆಯ ಗೆಳೆಯರೊಬ್ಬರ ಮನೆಯಿದೆ. ಅಡಿಕೆ ತೋಟ, ನಾಲ್ಕು ದನ, ಹಟ್ಟಿಯ ಪಕ್ಕದಲ್ಲೇ ಗೋಬರ್ ಗ್ಯಾಸಿನ ಗುಂಡಿ. ಕಟ್ಟಿಸಿ ಇಪ್ಪತ್ತೈದು ವರ್ಷ ದಾಟಿರಬೇಕು. ಮೇಲೆ ಕಬ್ಬಿಣದ ಡ್ರಮ್ಮು ತೇಲುವ ಹಳೆಯ ನಮೂನೆ. ನಾವು ಅಲ್ಲಿಗೆ ಹೋದ ದಿನ ಮನೆಯವರೆಲ್ಲ ಸಂಬಂಧಿಕರ ಮದುವೆ ಮುಗಿಸಿಕೊಂಡು ಮೂರು ದಿನಗಳ ನಂತರ ಆಗಷ್ಟೇ ಮರಳಿದ್ದರು. ಹಟ್ಟಿ ಕೆಲಸದಾತ ದನಗಳಿಗೆ ಹುಲ್ಲು ಹಾಕುವುದನ್ನೂ ಸೆಗಣಿ ಕಲಸಿ ಗುಂಡಿಗೆ ಬಿಡುವುದನ್ನೂ ತಪ್ಪಿಸಿರಲಿಲ್ಲ. ಒಲೆ ಮಾತ್ರ ಉರಿದಿರಲಿಲ್ಲ. ಡ್ರಮ್ಮು ಪೂರ್ತಿ ಮೇಲೆದ್ದು ನಿಂತಿತ್ತು. ಅದರ ಅಂಚಿನ ಸುತ್ತ ಸ್ಲರಿಯಲ್ಲಿ ಗುಳ್ಳೆಗಳು ಒಂದೇ ಸಮನೆ ಎದ್ದು ಒಡೆಯುತ್ತಿದ್ದವು. ‘ನೋಡಿ, ಎಷ್ಟು ಗ್ಯಾಸು ಸುಮ್ಮನೆ ಹೋಯಿತು’ ಎಂದು ಗೆಳೆಯರು ಹಳಹಳಿಸಿದರು.

ಅವರ ಪಾಲಿಗೆ ಅದು ಉಪಯೋಗಕ್ಕೆ ಬಾರದೆ ಹೋದ ಇಂಧನ, ಅಷ್ಟೆ. ಆದರೆ ಆ ಗುಳ್ಳೆಗಳು ನಮ್ಮನ್ನು ಅಷ್ಟು ಸುಲಭದಲ್ಲಿ ಬಿಡಲಿಲ್ಲ. ಸೆಗಣಿ ಅನಿಲ ಎಂದರೆ ತಕರಾರೇ ಇಲ್ಲದ ಒಳ್ಳೆಯ ಕೆಲಸ ಎಂದು ನಾವೆಲ್ಲ ಶಾಲೆಯ ಪಾಠದ ಕಾಲದಿಂದ ನಂಬಿಕೊಂಡು ಬಂದವರು. ಗಾಂಧಿವಾದಿಗಳು ಅದನ್ನು ಮೆಚ್ಚುತ್ತಾರೆ, ವಿಜ್ಞಾನಿಗಳು ಮೆಚ್ಚುತ್ತಾರೆ, ಯಾವ ಪಕ್ಷದ ಸರ್ಕಾರ ಬಂದರೂ ಸಬ್ಸಿಡಿ ಕೊಡುತ್ತದೆ. ಇಷ್ಟು ಜನ ಒಪ್ಪಿದ ಒಳ್ಳೆಯತನವನ್ನು ಒಮ್ಮೆಯಾದರೂ ತಿರುಗಿಸಿ ನೋಡದಿದ್ದರೆ ಅದು ನಂಬಿಕೆಯಾಗಿ ಉಳಿಯುತ್ತದೆಯೇ ಹೊರತು ತಿಳಿವಳಿಕೆಯಾಗುವುದಿಲ್ಲ.

ಗುಂಡಿಯೊಳಗೆ ನಡೆಯುವುದು ಸರಳ ಕ್ರಿಯೆ. ಗಾಳಿ ತಾಗದ ಕಡೆ ಸೆಗಣಿ ಕೊಳೆತಾಗ ಸೂಕ್ಷ್ಮಜೀವಿಗಳು ಅದರಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡಿಸುತ್ತವೆ. ಹೊರಬರುವ ಅನಿಲದಲ್ಲಿ ಹೆಚ್ಚುಕಡಿಮೆ ಶೇ. 60 ಮೀಥೇನ್. ಉರಿಯುವುದು ಅದೇ. ಹತ್ತು ಕಿಲೋ ಹಸಿ ಸೆಗಣಿಗೆ ಅಷ್ಟೇ ನೀರು ಕಲಸಿ ಬಿಟ್ಟರೆ ಅರ್ಧ ಘನ ಮೀಟರಿಗಿಂತ ತುಸು ಕಡಿಮೆ ಅನಿಲ ಸಿಗುತ್ತದೆ. ದಿನಕ್ಕೆ 50 ಕಿಲೋ ಸೆಗಣಿ ಇರುವ ಮನೆಗೆ 2 ಘನ ಮೀಟರಿನ ಸ್ಥಾವರ ಸಾಕು; ಅದು ಚೆನ್ನಾಗಿ ನಡೆದರೆ ತಿಂಗಳಿಗೆ ಹತ್ತಿರಹತ್ತಿರ ಎರಡು ಸಿಲಿಂಡರ್ ಉಳಿಯುತ್ತದೆ. ಇಲ್ಲಿಯವರೆಗೆ ಎಲ್ಲವೂ ಲಾಭವೇ.

ಮೀಥೇನ್ ಉರಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಇಂಗಾಲ ದನ ತಿಂದ ಹುಲ್ಲಿನದು, ಹುಲ್ಲು ಮೊನ್ನೆ ಮೊನ್ನೆ ಗಾಳಿಯಿಂದ ಹೀರಿಕೊಂಡದ್ದು, ಆದ್ದರಿಂದ ಅದರ ಸಾಲ ತೀರಿದಂತೆಯೇ. ಮೀಥೇನ್ ಉರಿಯದೆ ಮೀಥೇನಾಗಿಯೇ ಹೊರಟರೆ ಕತೆ ಬೇರೆ. ನೂರು ವರ್ಷಗಳ ಅವಧಿಯಲ್ಲಿ ನೋಡಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಬಲಶಾಲಿ. ಇಪ್ಪತ್ತು ವರ್ಷಗಳಿಗೆ ಮಾತ್ರ ಲೆಕ್ಕ ಹಾಕಿದರೆ ಸುಮಾರು 80 ಪಟ್ಟು. ಅದರ ಆಯುಸ್ಸು ಹನ್ನೆರಡು ವರ್ಷಗಳ ಆಸುಪಾಸು. ನೂರು ವರ್ಷದ ಅಳತೆಯೋ ಇಪ್ಪತ್ತು ವರ್ಷದ ಅಳತೆಯೋ ಎಂಬುದನ್ನು ವಿಜ್ಞಾನ ತೀರ್ಮಾನಿಸುವುದಿಲ್ಲ. ನಾವು ಯಾರ ಬಗ್ಗೆ ಚಿಂತಿಸುತ್ತಿದ್ದೇವೆ, ಈಗ ಬದುಕಿರುವವರ ಬಗ್ಗೆಯೋ ಇನ್ನೂ ಹುಟ್ಟದವರ ಬಗ್ಗೆಯೋ ಎಂಬುದು ತೀರ್ಮಾನಿಸುತ್ತದೆ.

ಗೆಳೆಯರ ಮನೆಯ ಮದುವೆಗೆ ಮರಳೋಣ. ಮೂರು ದಿನದಲ್ಲಿ ಹೊರಹೋದ ಅನಿಲ ಸುಮಾರು 6 ಘನ ಮೀಟರ್ ಎಂದಿಟ್ಟುಕೊಳ್ಳಿ. ಅದರಲ್ಲಿ ಮೀಥೇನ್ ಎರಡೂವರೆ ಕಿಲೋ ಹತ್ತಿರ. 27ರಿಂದ ಗುಣಿಸಿದರೆ 65 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಡುಗೆ ಅನಿಲದ ಒಂದು ಸಿಲಿಂಡರ್ ಪೂರ್ತಿ ಉರಿದರೆ ಬರುವುದು 42 ಕಿಲೋ. ಅಂದರೆ ಒಲೆ ಹಚ್ಚದ ಮೂರು ದಿನಗಳಲ್ಲಿ, ಯಾರೂ ಏನೂ ಮಾಡದೆ, ಒಂದೂವರೆ ಸಿಲಿಂಡರ್ ಸುಟ್ಟಷ್ಟು ಭಾರ ಆಕಾಶಕ್ಕೆ ಏರಿತ್ತು. ಇದನ್ನು ಗೆಳೆಯರಿಗೆ ಹೇಳಿದಾಗ ಅವರು ನಮ್ಮನ್ನು ನೋಡಿದ ನೋಟ ಇನ್ನೂ ನೆನಪಿದೆ. ಸಿಲಿಂಡರ್ ತರಿಸುವ ನೆರೆಯವರಿಗಿಂತ ತಾವು ಪರಿಸರಕ್ಕೆ ಒಳ್ಳೆಯವರು ಎಂದು ಇಪ್ಪತ್ತೈದು ವರ್ಷ ನಂಬಿದ್ದ ಮನುಷ್ಯ ಅವರು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲೂ ಹಾಕಬಹುದು. ಒಂದು ಕಿಲೋ ಮೀಥೇನ್ ಒಲೆಯಲ್ಲಿ ಉರಿದರೆ ಒಂದು ಕಿಲೋಗಿಂತ ತುಸು ಹೆಚ್ಚು ಎಲ್‌ಪಿಜಿ ಉಳಿಯುತ್ತದೆ, ಮೂರು ಕಿಲೋಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ. ಅದೇ ಒಂದು ಕಿಲೋ ಸೋರಿದರೆ 27 ಕಿಲೋ ಸೇರುತ್ತದೆ. ಒಂಬತ್ತು ಕಿಲೋ ಉರಿಸಿ ಒಂದು ಕಿಲೋ ಸೋರಿಸಿದವನ ಲಾಭ ನಷ್ಟ ಸರಿಸಮ. ಹತ್ತರಲ್ಲಿ ಒಂದು ಪಾಲು! ತುಕ್ಕು ಹಿಡಿದ ಡ್ರಮ್ಮು, ಸೀಳು ಬಿಟ್ಟ ಸಿಮೆಂಟಿನ ಗುಮ್ಮಟ, ಸಡಿಲವಾದ ಪೈಪಿನ ಜೋಡಣೆ, ಮನೆಯಲ್ಲಿ ಯಾರೂ ಇಲ್ಲದ ಹಬ್ಬದ ದಿನಗಳು, ಇವೆಲ್ಲ ಸೇರಿ ಹತ್ತನೇ ಒಂದು ಪಾಲು ಮುಟ್ಟುವುದು ಕಷ್ಟವೇನಲ್ಲ.

ಇದನ್ನು ಓದಿದ ಕೂಡಲೇ ಓದುಗರಲ್ಲಿ ಯಾರಾದರೂ ಆಕ್ಷೇಪ ಎತ್ತಬಹುದು. ಸೆಗಣಿ ಗುಂಡಿಗೆ ಹೋಗದಿದ್ದರೂ ಕೊಳೆಯುತ್ತಿರಲಿಲ್ಲವೇ? ಮೀಥೇನ್ ಹೇಗೂ ಹೊರಡುತ್ತಿತ್ತಲ್ಲ? ಪ್ರಶ್ನೆ ನ್ಯಾಯವಾದದ್ದು, ಮತ್ತು ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಹೋಲಿಕೆ ಯಾವುದರ ಜೊತೆ?

ನಮ್ಮ ಕಡೆ ಸೆಗಣಿಗೆ ಏನಾಗುತ್ತದೆ? ಕರಾವಳಿ ಮಲೆನಾಡಿನಲ್ಲಿ ಸೊಪ್ಪಿನ ಜೊತೆ ಹಟ್ಟಿಯಲ್ಲೇ ತುಳಿದು ಗೊಬ್ಬರವಾಗುತ್ತದೆ. ಬಯಲುಸೀಮೆಯಲ್ಲಿ ತಿಪ್ಪೆ ಸೇರುತ್ತದೆ ಇಲ್ಲವೇ ಗೋಡೆಗೆ ತಟ್ಟಿ ಬೆರಣಿಯಾಗುತ್ತದೆ, ಉತ್ತರ ಕರ್ನಾಟಕದವರು ಕುಳ್ಳು ಎನ್ನುವುದು ಅದನ್ನೇ. ಮೇಯಲು ಹೋದ ದನದ್ದು ಗುಡ್ಡದಲ್ಲೇ ಒಣಗುತ್ತದೆ. ಗಾಳಿ ತಾಗುವ ಕಡೆ ಮೀಥೇನ್ ಹುಟ್ಟುವುದು ಕಡಿಮೆ. ಐಪಿಸಿಸಿ ಎಂದು ಕರೆಯುವ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2006ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಣ ರಾಶಿಯಲ್ಲಿಟ್ಟ ಸೆಗಣಿ ತಾನು ಕೊಡಬಹುದಾದ ಗರಿಷ್ಠ ಮೀಥೇನಿನಲ್ಲಿ ಶೇ. 5ರವರೆಗೆ ಮಾತ್ರ ಬಿಡುತ್ತದೆ. ಅದೇ ಸೆಗಣಿಯನ್ನು ನೀರಿನಲ್ಲಿ ತೊಳೆದು ದೊಡ್ಡ ಬಯಲು ಹೊಂಡದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ, ಬಿಸಿ ಪ್ರದೇಶಗಳಲ್ಲಿ ಮುಕ್ಕಾಲು ಪಾಲಿನಷ್ಟು ಬಿಡುತ್ತದೆ. ಸಾವಿರಾರು ಹಸುಗಳನ್ನು ಕಾಂಕ್ರೀಟ್ ನೆಲದ ಮೇಲೆ ಕೂಡಿಹಾಕುವ ಅಮೆರಿಕದ ಡೈರಿಗಳಲ್ಲಿ ನಡೆಯುವುದು ಈ ಎರಡನೆಯದು.

ಹೀಗಾಗಿ ಒಂದೇ ಯಂತ್ರ, ಒಂದೇ ಸೆಗಣಿ, ಆದರೆ ಫಲ ಎರಡು. ಹೊಂಡದ ಮೇಲೆ ಹೊದಿಕೆ ಹಾಕಿ ಅನಿಲ ಹಿಡಿದವನು ನಿಜಕ್ಕೂ ದೊಡ್ಡ ಕೆಡುಕನ್ನು ತಡೆಯುತ್ತಾನೆ. ತಿಪ್ಪೆಯ ಸೆಗಣಿಯನ್ನು ತಂದು ಗುಂಡಿಗೆ ಹಾಕಿದವನು ಇಲ್ಲದಿದ್ದ ಮೀಥೇನನ್ನು ಹುಟ್ಟಿಸಿ, ಹುಟ್ಟಿಸಿದ್ದನ್ನು ಸುಡುತ್ತಾನೆ. ಪೂರ್ತಿ ಸುಟ್ಟರೆ ಒಳ್ಳೆಯದೇ. ಆದರೆ ಅವನಿಗೆ ಸೋರಿಸುವ ಸ್ವಾತಂತ್ರ್ಯ ಮೊದಲಿನವನಿಗಿಂತ ಬಹಳ ಕಡಿಮೆ.

ಈಗ ಕ್ಯಾಲಿಫೋರ್ನಿಯಾದ ಕತೆ ಕೇಳಿ. ಅಲ್ಲಿನ ಸರ್ಕಾರ ವಾಹನ ಇಂಧನಗಳ ಇಂಗಾಲದ ಭಾರ ಇಳಿಸಲು ಒಂದು ಮಾರುಕಟ್ಟೆ ವ್ಯವಸ್ಥೆ ಮಾಡಿತು. 2011ರಿಂದ ಅದು ಜಾರಿಯಲ್ಲಿದೆ. ಪ್ರತಿ ಇಂಧನಕ್ಕೂ ಒಂದು ಅಂಕ. ಅಂಕ ಕಡಿಮೆಯಾದಷ್ಟೂ ಮಾರಬಹುದಾದ ಪರವಾನಗಿ ಹೆಚ್ಚು. ಡೈರಿ ಹೊಂಡದಿಂದ ಹಿಡಿದ ಅನಿಲಕ್ಕೆ ಸಿಕ್ಕಿದ ಅಂಕ ಸೊನ್ನೆಯಲ್ಲ, ಸೊನ್ನೆಗಿಂತ ಎಷ್ಟೋ ಕೆಳಗೆ, ಋಣ ಅಂಕ. ಕಾರಣ, ಹೊಂಡದಿಂದ ಹೊರಡಬೇಕಿದ್ದ ಮೀಥೇನ್ ಹೊರಡದಂತೆ ತಡೆದ ಪುಣ್ಯವನ್ನೂ ಅದರ ಖಾತೆಗೆ ಬರೆದರು. ಸೂರ್ಯನ ಬೆಳಕಿನಿಂದ ಮಾಡಿದ ವಿದ್ಯುತ್ತಿಗೂ ಇಲ್ಲದ ಕೀರ್ತಿ ಸೆಗಣಿ ಅನಿಲಕ್ಕೆ ಬಂತು. ಹಸುವಿನಿಂದ ಹೆಚ್ಚು ಬೆಲೆ ಬರುವುದು ಹಾಲಿಗೋ ಸೆಗಣಿಗೋ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಗಂಭೀರವಾಗಿಯೇ ಚರ್ಚಿಸಿದರು.

ಇದರಲ್ಲಿ ಏನೋ ಎಡವಟ್ಟಿದೆ ಎಂದು ಮನಸ್ಸು ಹೇಳುತ್ತದೆ. ಎಲ್ಲಿ ಎಂದು ಬೊಟ್ಟು ಮಾಡುವುದು ಅಷ್ಟು ಸುಲಭವಲ್ಲ. ದಾರಿಗೆ ಕಲ್ಲು ಹಾಕಿದವನೇ ಕಲ್ಲು ತೆಗೆಯಲು ಕೂಲಿ ಕೇಳಿದರೆ ಊರಿನವರು ನಗುತ್ತಾರೆ. ಆದರೆ ಕೂಲಿ ಕೊಡದಿದ್ದರೆ ಕಲ್ಲು ಅಲ್ಲೇ ಇರುತ್ತದೆ, ನಡೆಯುವವರು ಎಡವುತ್ತಾರೆ. ಅಧಿಕಾರಿಗಳ ವಾದ ಇದೇ: ಹೊಂಡ ಇದೆ, ಮೀಥೇನ್ ಬರುತ್ತಿದೆ, ಹಣ ಕೊಟ್ಟರೆ ನಿಲ್ಲುತ್ತದೆ, ಕೊಡೋಣ. ಭೂಮಿಯ ಬಿಸಿಯ ದೃಷ್ಟಿಯಿಂದ ಇದು ಸುಳ್ಳಲ್ಲ. ಹಣ ಕೊಟ್ಟಲ್ಲಿ ಮೀಥೇನ್ ಕಡಿಮೆಯಾದದ್ದೂ ಸುಳ್ಳಲ್ಲ. ನಾವು ಈ ವಾದವನ್ನು ತಳ್ಳಿಹಾಕಲಾರೆವು.

ಆದರೆ ಅದೇ ಊರಿನಲ್ಲಿ ಇನ್ನೂರು ಹಸುಗಳನ್ನು ಹುಲ್ಲುಗಾವಲಿನಲ್ಲಿ ಮೇಯಿಸುವ ರೈತನಿದ್ದಾನೆ ಎಂದುಕೊಳ್ಳಿ. ಅವನ ಸೆಗಣಿ ಹುಲ್ಲಿನ ಮೇಲೆ ಬಿದ್ದು ಒಣಗುತ್ತದೆ. ಅವನು ಕೆಡುಕು ಮಾಡಲೇ ಇಲ್ಲ, ಆದ್ದರಿಂದ ತಡೆಯಲೂ ಇಲ್ಲ, ಆದ್ದರಿಂದ ಅವನಿಗೆ ಬಿಡಿಗಾಸೂ ಇಲ್ಲ. ಐದು ಸಾವಿರ ಹಸು ಕಟ್ಟಿ ಕೆರೆಯಷ್ಟು ದೊಡ್ಡ ಹೊಂಡ ಮಾಡಿದವನಿಗೆ ಕೋಟಿಗಟ್ಟಲೆ. ಸಣ್ಣವನು ಹಾಲಿನ ಬೆಲೆಯಲ್ಲಿ ದೊಡ್ಡವನ ಜೊತೆ ಪೈಪೋಟಿಗೆ ನಿಲ್ಲಬೇಕು, ದೊಡ್ಡವನಿಗೆ ಸೆಗಣಿಯ ಆದಾಯದ ಆಸರೆಯಿದೆ. ಸಾಲದ್ದಕ್ಕೆ ಹೊಂಡಕ್ಕೆ ಹೊದಿಕೆ ಹಾಕಿದ ಮಾತ್ರಕ್ಕೆ ಸೆಗಣಿಯ ಸಾರಜನಕ ಎಲ್ಲಿಯೂ ಹೋಗುವುದಿಲ್ಲ. ಸಾನ್ ವಾಕೀನ್ ಕಣಿವೆಯ ಬಾವಿಗಳಲ್ಲಿ ನೈಟ್ರೇಟ್, ಗಾಳಿಯಲ್ಲಿ ಅಮೋನಿಯಾ ಹಾಗೆಯೇ ಉಳಿದವು. ಡೈರಿಗಳ ಪಕ್ಕದಲ್ಲಿ ಬದುಕುವವರು ಬಹುಪಾಲು ಲ್ಯಾಟಿನ್ ಅಮೆರಿಕ ಮೂಲದ ಕೂಲಿ ಕುಟುಂಬಗಳು. ಈ ಯೋಜನೆಯನ್ನು ಗಟ್ಟಿಯಾಗಿ ವಿರೋಧಿಸಿದ್ದೂ ಅವರೇ. ದೂರದ ನಗರದ ಬಸ್ಸಿಗೆ ಶುದ್ಧ ಇಂಧನ, ತಮಗೆ ಮೊದಲಿನ ನೀರೇ, ಮೊದಲಿನ ವಾಸನೆಯೇ ಎಂಬುದು ಅವರ ದೂರು.

ಹಸುವಿನ ಮೀಥೇನಿನಲ್ಲಿ ದೊಡ್ಡ ಪಾಲು ಸೆಗಣಿಯದಲ್ಲ, ಅದರ ತೇಗಿನದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ದೇಶದಲ್ಲಂತೂ ಸೆಗಣಿಯದು ಅದರ ಮುಂದೆ ಏನೂ ಅಲ್ಲ. ಅದನ್ನು ಯಾವ ಗುಂಡಿಯೂ ಹಿಡಿಯುವುದಿಲ್ಲ. ಸೆಗಣಿಗೆ ಬೆಲೆ ಬಂದು ಹಸುಗಳ ಸಂಖ್ಯೆ ಹೆಚ್ಚಿದರೆ ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಹೋಗುತ್ತದೆ.

ಜರ್ಮನಿಯ ಅನುಭವ ಇನ್ನೊಂದು ತರಹದ್ದು. 2000ದಲ್ಲಿ ಅಲ್ಲಿ ನವೀಕರಿಸಬಹುದಾದ ಇಂಧನಕ್ಕೆ ಖಾತರಿ ಬೆಲೆಯ ಕಾನೂನು ಬಂತು, 2004ರಲ್ಲಿ ಇಂಧನಕ್ಕಾಗಿಯೇ ಬೆಳೆದ ಬೆಳೆಗೆ ಹೆಚ್ಚುವರಿ ಬೆಲೆ. ದ್ರವ ಸೆಗಣಿಯಲ್ಲಿ ಬಹುಪಾಲು ನೀರು, ಅನಿಲ ಕಡಿಮೆ; ಹಸಿ ಮೆಕ್ಕೆಜೋಳ ಸೇರಿಸಿದರೆ ಅನಿಲ ಭರ್ತಿ. ಸರಿ, ಸೆಗಣಿಯ ಹೆಸರಿನಲ್ಲಿ ಶುರುವಾದದ್ದು ಜೋಳದ ಗದ್ದೆಗಳಲ್ಲಿ ಮುಗಿಯಿತು. ಹೊಲಗಳೆಲ್ಲ ಜೋಳಮಯವಾದದ್ದಕ್ಕೆ ಜರ್ಮನ್ ಭಾಷೆಯಲ್ಲಿ ಒಂದು ಹೊಸ ಶಬ್ದವೇ ಚಾಲ್ತಿಗೆ ಬಂತು. 2012ರಲ್ಲಿ ಹೊಸ ಸ್ಥಾವರಗಳಿಗೆ ಜೋಳ ಶೇ. 60 ಮೀರಬಾರದೆಂದು ಸರ್ಕಾರ ತಡೆ ಹಾಕಬೇಕಾಯಿತು. ಹೊಟ್ಟೆ ತುಂಬಿದ ದೇಶ, ತಡೆದುಕೊಂಡಿತು.

ಇಷ್ಟೆಲ್ಲ ಓದಿದವರು ನಮ್ಮನ್ನು ಗೋಬರ್ ಗ್ಯಾಸಿನ ವಿರೋಧಿಗಳೆಂದು ತಿಳಿಯಬಾರದು. ನಮ್ಮಲ್ಲಿ ಅದರ ಪರವಾಗಿ ಆಡಬೇಕಾದ ಮಾತಿನಲ್ಲಿ ಇಂಗಾಲಕ್ಕೆ ಮೊದಲ ಸ್ಥಾನ ಇಲ್ಲ. ಮೊದಲ ಸ್ಥಾನ ಹೊಗೆಗೆ. ಬೆರಣಿ ಉರಿಸುವ ಅಡುಗೆಮನೆಯಲ್ಲಿ ಹತ್ತು ನಿಮಿಷ ಕೂತವರಿಗೆ ಯಾವ ಅಂಕಿಅಂಶವೂ ಬೇಡ. ಮನೆಯಲ್ಲಿ ಉರಿಸುವ ಸೌದೆಗಳಲ್ಲೆಲ್ಲ ಅತಿ ಹೆಚ್ಚು ಹೊಗೆಯುಗುಳುವುದರಲ್ಲಿ ಅದು ಒಂದು. ಅದರ ಮುಂದೆ ಕೂರುವವರು ಹೆಂಗಸರು, ಅವರ ಮಡಿಲಲ್ಲಿ ಕೂಸುಗಳು. ಸೆಗಣಿಯನ್ನು ಸುಟ್ಟರೆ ಗೊಬ್ಬರವೂ ಹೋಗುತ್ತದೆ, ಎದೆಗೂಡೂ ಹಾಳಾಗುತ್ತದೆ. ಗುಂಡಿಗೆ ಬಿಟ್ಟರೆ ನೀಲಿ ಉರಿಯೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ. 1950ರ ದಶಕದಲ್ಲಿ ಜಶ್‌ಭಾಯಿ ಪಟೇಲರು ತೇಲುವ ಡ್ರಮ್ಮಿನ ಮಾದರಿ ರೂಪಿಸಿದಾಗ, ಖಾದಿ ಆಯೋಗ ಅದನ್ನು ಹಳ್ಳಿಗಳಿಗೆ ಒಯ್ದಾಗ, 1980ರ ದಶಕದಲ್ಲಿ ಅಗ್ಗದ ದೀನಬಂಧು ಮಾದರಿ ಬಂದಾಗ, ಹವಾಮಾನದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಹೊಗೆ ಮತ್ತು ಗೊಬ್ಬರ, ಇವೆರಡೇ ಕಾರಣ. ಇಂದಿಗೂ ಅವೇ ಗಟ್ಟಿ ಕಾರಣಗಳು ಎಂಬುದು ನಮ್ಮ ಅಭಿಪ್ರಾಯ.

ಗೊಬ್ಬರದ ಮಾತಿಗೂ ಒಂದು ಷರತ್ತಿದೆ. ಗುಂಡಿಯಿಂದ ಹೊರಬಂದ ಸ್ಲರಿಯಲ್ಲಿ ಸಾರಜನಕ ಗಿಡಕ್ಕೆ ಬೇಗ ದಕ್ಕುವ ರೂಪದಲ್ಲಿರುತ್ತದೆ. ಬೇಗ ದಕ್ಕುವುದು ಬೇಗ ಹಾರಿಹೋಗುವುದೂ ಹೌದು. ಬಿಸಿಲಲ್ಲಿ ತೆರೆದಿಟ್ಟ ತೊಟ್ಟಿಯಿಂದ ಅಮೋನಿಯಾ ಹಾರುತ್ತದೆ, ಒಳಗೆ ಪೂರ್ತಿ ಕೊಳೆಯದೆ ಉಳಿದದ್ದು ಅಲ್ಲಿಯೂ ಮೀಥೇನ್ ಬಿಡುತ್ತಲೇ ಇರುತ್ತದೆ. ಶಿರಸಿಯ ಕಡೆ ಸ್ಥಾವರಗಳು ಬಹಳ ಚೆನ್ನಾಗಿ ನಡೆಯುತ್ತಿದ್ದವೆಂದು ವಿಜ್ಞಾನಿಗಳು 2001ರಲ್ಲಿ ಬರೆದಿದ್ದಾರೆ. ಅಲ್ಲಿ ದನ ಇತ್ತು, ನೀರು ಇತ್ತು, ಸ್ಲರಿ ಕಾಯುತ್ತಿರುವ ಅಡಿಕೆ ತೋಟ ಇತ್ತು, ಕೆಟ್ಟರೆ ರಿಪೇರಿ ಮಾಡುವ ಮೇಸ್ತ್ರಿಗಳೂ ಇದ್ದರು. ಈ ನಾಲ್ಕರಲ್ಲಿ ಒಂದು ಇಲ್ಲದ ಕಡೆ ಸಬ್ಸಿಡಿಗೆ ಕಟ್ಟಿದ ಗುಂಡಿಗಳಲ್ಲಿ ಈಗ ತೆಂಗಿನ ಸಿಪ್ಪೆ ತುಂಬಿರುವುದನ್ನು ನಾವೇ ಕಂಡಿದ್ದೇವೆ. ದೇಶದಲ್ಲಿ ಸುಮಾರು 50 ಲಕ್ಷ ಸ್ಥಾವರಗಳನ್ನು ಕಟ್ಟಲಾಗಿದೆ ಎಂಬುದು ಸರ್ಕಾರದ ಲೆಕ್ಕ. ಕಟ್ಟಿದ್ದು ಮತ್ತು ಉರಿಯುವುದು ಬೇರೆ ಬೇರೆ.

ಇನ್ನು, ದನವೇ ಇಲ್ಲದವರ ಮಾತು. ಗೋಬರ್ ಗ್ಯಾಸ್ ಬೇಕೆಂದರೆ ನಾಲ್ಕೈದು ದನ ಬೇಕು, ಜಾಗ ಬೇಕು, ದಿನಕ್ಕೆ ನಾಲ್ಕಾರು ಕೊಡ ನೀರು ಬೇಕು. ಹಳ್ಳಿಯ ಬಡವರಿಗೆ ಈ ಮೂರೂ ಇಲ್ಲ. ಆದರೆ ಅವರಿಗೆ ಒಂದು ಹಕ್ಕಿತ್ತು, ಯಾವ ಪತ್ರದಲ್ಲೂ ಬರೆಯದ ಹಕ್ಕು: ದಾರಿಯಲ್ಲಿ, ಗೋಮಾಳದಲ್ಲಿ ಬಿದ್ದ ಸೆಗಣಿಯನ್ನು ಬುಟ್ಟಿಯಲ್ಲಿ ಆಯ್ದು ತರುವುದು. ಆ ಸೆಗಣಿಯಿಂದ ಬೆರಣಿ, ಬೆರಣಿಯಿಂದ ಒಲೆ, ಉಳಿದದ್ದನ್ನು ಮಾರಿದರೆ ನಾಲ್ಕು ಕಾಸು. ಗುಂಡಿ ಕಟ್ಟಿಸಿದ ದೊಡ್ಡ ಮನೆಯವರಿಗೆ ಒಂದೊಂದು ಬುಟ್ಟಿಯೂ ಮುಖ್ಯವಾಯಿತು. ನಿನ್ನೆಯವರೆಗೆ ಬಿದ್ದ ಕಸವಾಗಿದ್ದದ್ದು ಇಂದು ಯಾರದ್ದೋ ಆಸ್ತಿ. ಒಂದು ವಸ್ತುವಿನ ಉಪಯೋಗ ಹೆಚ್ಚಿದ ಕೂಡಲೇ ಅದು ಬಡವರ ಕೈ ಬಿಟ್ಟುಹೋಗುವುದು ಸೆಗಣಿಯಲ್ಲೇ ಮೊದಲಲ್ಲ. ಪರಿಸರದ ಲೆಕ್ಕ ಬರೆಯುವವರ ಪುಸ್ತಕದಲ್ಲಿ ಹಸಿರುಮನೆ ಅನಿಲಕ್ಕೆ ಕಾಲಂ ಇದೆ, ಅಮೋನಿಯಾಕ್ಕೆ ಕಾಲಂ ಇದೆ. ಬುಟ್ಟಿ ಖಾಲಿಯಾದ ಹೆಂಗಸಿಗೆ ಕಾಲಂ ಇಲ್ಲ.

ಈ ಪ್ರಶ್ನೆಯನ್ನು ನಲವತ್ತು ವರ್ಷಗಳ ಹಿಂದೆಯೇ ಎದುರಿಸಿದ ಒಂದು ಊರು ನಮ್ಮ ರಾಜ್ಯದಲ್ಲೇ ಇದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ತಂಡ ಅಲ್ಲಿ ಇಡೀ ಊರಿಗೆ ಸೇರಿದ ಸೆಗಣಿ ಅನಿಲ ಸ್ಥಾವರ ಮಾಡಿತು. ಮೊದಲ ಯೋಚನೆ ಎಲ್ಲ ಮನೆಗಳಿಗೂ ಅಡುಗೆ ಅನಿಲ. ಅದು ಕೈಗೂಡಲಿಲ್ಲ. ಊರಿನ ಎಲ್ಲ ಅಡುಗೆಗೆ ಸಾಲುವಷ್ಟು ಸೆಗಣಿಯೇ ಸೇರಲಿಲ್ಲ. ಸೌದೆ ಹೇಗೂ ಪುಕ್ಕಟೆ ಸಿಗುತ್ತಿತ್ತು. ಜನರಿಗೆ ಬೇಕಾಗಿದ್ದದ್ದು ಬೇರೆ, ಕುಡಿಯುವ ನೀರು. ದೊಡ್ಡ ವಿಜ್ಞಾನಿಗಳು ತಪ್ಪು ಒಪ್ಪಿಕೊಳ್ಳುವುದು ಅಪರೂಪ, ಇವರು ಒಪ್ಪಿಕೊಂಡರು. 1987ರಲ್ಲಿ ಯೋಜನೆಯನ್ನು ತಿರುಗಿಸಿ, ಅನಿಲದಿಂದ ಡೀಸೆಲ್ ಎಂಜಿನ್ ಓಡಿಸಿ, ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು.

ನಮಗೆ ಮುಖ್ಯವೆನಿಸುವುದು ಎಂಜಿನ್ನಲ್ಲ, ಸೆಗಣಿಯ ವಿಲೇವಾರಿ. ಪ್ರತಿ ಮನೆಯವರು ತಂದ ಸೆಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಅನಿಲ ತೆಗೆದ ಮೇಲೆ ಉಳಿದ ಸ್ಲರಿಯನ್ನು ಮರಳಿನ ಪಾತಿಯಲ್ಲಿ ಸೋಸಿ, ತಂದಷ್ಟಕ್ಕೆ ತಕ್ಕ ಪಾಲನ್ನು ಅವರವರಿಗೇ ಮರಳಿಸುತ್ತಿದ್ದರು. ಗೊಬ್ಬರ ದನದ ಒಡೆಯನದೇ, ಅದರಲ್ಲಿ ತಕರಾರಿಲ್ಲ. ಹೊತ್ತು ತಂದು ಹೊತ್ತು ಒಯ್ದವರಿಗೆ ಕಿಲೋಗೆ 2 ಪೈಸೆ ಕೂಲಿ; ಹೊರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಬಂದ ಅನಿಲ ಮಾತ್ರ ಊರಿಗೆ ಸೇರಿದ್ದು. ದನ ಇಲ್ಲದವನ ಮನೆಯ ಕೊಡವೂ ಅದೇ ನಲ್ಲಿಯ ಕೆಳಗೆ ತುಂಬುತ್ತಿತ್ತು. ವಸ್ತು ಒಂದೇ, ಅದರೊಳಗೆ ಮೂರು ಹಕ್ಕು: ಒಡೆಯನಿಗೆ ಗೊಬ್ಬರ, ದುಡಿದವಳಿಗೆ ಕೂಲಿ, ಊರಿಗೆ ಶಕ್ತಿ. ದೊಡ್ಡ ದೊಡ್ಡ ನ್ಯಾಯಶಾಸ್ತ್ರದ ಗ್ರಂಥಗಳು ಬಿಡಿಸಲು ಒದ್ದಾಡುವ ಗಂಟನ್ನು ಒಂದು ತಕ್ಕಡಿ ಮತ್ತು ಒಂದು ಪುಸ್ತಕ ಇಟ್ಟುಕೊಂಡು ಬಿಡಿಸಿದ್ದರು. ಕೆಲವು ವರ್ಷ ಚೆನ್ನಾಗಿ ನಡೆದ ಆ ವ್ಯವಸ್ಥೆ ಆಮೇಲೆ ನಿಂತುಹೋಯಿತು. 2006ರಲ್ಲಿ ತೀರಿಕೊಳ್ಳುವ ಮುನ್ನ ರೆಡ್ಡಿಯವರು ಪುರದ ಪಾಠಗಳ ಬಗ್ಗೆ ಬಚ್ಚಿಡದೆ ಬರೆದರು.

ಈಗ ಗಾಳಿ ದೊಡ್ಡ ಸ್ಥಾವರಗಳ ಕಡೆ ಬೀಸುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಸೆಗಣಿ, ಕೃಷಿ ತ್ಯಾಜ್ಯಗಳಿಂದ ವಾಹನಕ್ಕೆ ತುಂಬುವ ಅನಿಲ ತಯಾರಿಸುವ 5000 ಘಟಕಗಳ ಯೋಜನೆ ಸಾರಿತು. ಹೇಳಿದ ಗಡುವಿನೊಳಗೆ ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ, ಆದರೆ ಒಂದೊಂದಾಗಿ ಏಳುತ್ತಿವೆ. ಗುಜರಾತಿನ ಬನಾಸ್ ಡೈರಿಯಂಥ ಸಹಕಾರಿಗಳು ರೈತರಿಂದ ಸೆಗಣಿ ಕೊಂಡು ಅನಿಲ ಮಾರುತ್ತವೆ. 2020ರ ಜುಲೈಯಲ್ಲಿ ಛತ್ತೀಸ್‌ಗಢ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಸೆಗಣಿ ಕೊಳ್ಳತೊಡಗಿದಾಗ ಮಾರಲು ಬಂದವರಲ್ಲಿ ಭೂಮಿಯಿಲ್ಲದವರೂ ಇದ್ದರು, ಬೀದಿಯಲ್ಲಿ ಆಯ್ದು ತಂದವರೂ ಇದ್ದರು. ಬುಟ್ಟಿಯ ಹಕ್ಕಿಗೆ ಬೆಲೆ ಕಟ್ಟಿದ ಅಪರೂಪದ ಸಂದರ್ಭ ಅದು. ದೊಡ್ಡ ಘಟಕದಲ್ಲಿ ಸೋರಿಕೆ ಅಳೆಯಬಹುದು, ಹೆಚ್ಚಾದ ಅನಿಲವನ್ನು ಸುಮ್ಮನೆ ಬಿಡದೆ ಸುಟ್ಟುಬಿಡುವ ಕೊಳವೆ ಇಡಬಹುದು. ಆ ಮಟ್ಟಿಗೆ ಅವು ನಮ್ಮ ಗೆಳೆಯರ ಡ್ರಮ್ಮಿಗಿಂತ ಮೇಲು. ಆದರೆ ತಂದವನಿಗೆ ಸ್ಲರಿ ಮರಳುತ್ತದೆಯೇ? ಸೆಗಣಿ ಲಾರಿ ಹತ್ತಿ ಊರು ಬಿಟ್ಟರೆ ಆ ಊರಿನ ಮಣ್ಣು ಏನು ತಿನ್ನಬೇಕು? ತೂಗಿದ ತಕ್ಕಡಿ ಯಾರ ಕೈಯಲ್ಲಿದೆ? ಇಂಗಾಲದ ಪರವಾನಗಿ ಮಾರಿ ಬಂದ ಹಣದಲ್ಲಿ ಸೆಗಣಿ ಹೊತ್ತವಳಿಗೆ ಎಷ್ಟು ಪೈಸೆ? ನಮ್ಮಲ್ಲಿ ಬಯಲು ಹೊಂಡಗಳೇ ಇಲ್ಲದಿರುವಾಗ, ಹೊಂಡದ ಮೀಥೇನ್ ತಡೆದೆವು ಎಂದು ಯಾರಾದರೂ ಪುಣ್ಯ ಬರೆದುಕೊಂಡರೆ ಅದನ್ನು ಪರೀಕ್ಷಿಸುವವರು ಯಾರು? ಸ್ಥಾವರದ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವ ದಿನವೇ ಇವನ್ನು ಕೇಳುವುದು ವಾಸಿ. ಕ್ಯಾಲಿಫೋರ್ನಿಯಾದವರು ಹೊಂಡಗಳು ಲಾಭಕ್ಕೆ ಬಂದ ಮೇಲೆ ಕೇಳಿದರು, ಆಗ ಹೊಂಡಗಳನ್ನು ಮುಚ್ಚಿಸುವುದು ಯಾರ ಕೈಯಲ್ಲೂ ಇರಲಿಲ್ಲ.

ಕಳೆದ ಮಳೆಗಾಲದ ಮೊದಲು ನಾವು ಮತ್ತೊಮ್ಮೆ ಆ ಹಳ್ಳಿಗೆ ಹೋಗಿದ್ದೆವು. ಗೆಳೆಯರು ನಮ್ಮ ಲೆಕ್ಕವನ್ನು ಮರೆತಿರಲಿಲ್ಲ, ಆದರೆ ಡ್ರಮ್ಮು ರಿಪೇರಿಗೆ ಇಷ್ಟು ಖರ್ಚಾಯಿತು ಎಂದಷ್ಟೇ ಹೇಳಿ ಸುಮ್ಮನಾದರು. ಮಾತು ಮುಂದುವರಿಸಿದ್ದು ಮನೆಯಾಕೆ. ಬೇಲಿಯಾಚೆಯ ಮನೆಯಲ್ಲಿ ಬೀಡಿ ಕಟ್ಟಿ ಬದುಕುವ ಹೆಂಗಸೊಬ್ಬರಿದ್ದಾರೆ, ಜೊತೆಗೆ ಇಬ್ಬರು ಮಕ್ಕಳು. ದನವಿಲ್ಲ. ಸಿಲಿಂಡರ್ ಇದೆ, ತುಂಬಿಸುವುದು ವರ್ಷಕ್ಕೆ ಎರಡೋ ಮೂರೋ ಸಲ. ಉಳಿದ ದಿನ ತೆಂಗಿನ ಮಡಲು, ತರಗೆಲೆ. ಮನೆಯಾಕೆ ತೋಟಕ್ಕೆ ತಂದ ಕಪ್ಪು ಪೈಪಿನಲ್ಲಿ ಉಳಿದ ತುಂಡನ್ನು ಬೇಲಿಯ ಬುಡದಲ್ಲಿ ಹಾಯಿಸಿ ಅವರಿಗೊಂದು ಒಲೆ ಹಾಕಿಸಿದ್ದರು. ಮದುವೆಗೋ ಊರಿಗೋ ಹೋಗುವಾಗ ಗೇಟ್ ವಾಲ್ವು ಆ ಕಡೆ ತಿರುಗಿಸಿಟ್ಟು ಹೋಗುತ್ತಾರಂತೆ.

‘ದುಡ್ಡು ಏನಾದರೂ?’ ಎಂದು ನಾವು ಕೇಳಿದೆವು.

‘ಅಯ್ಯೋ, ಹೋಗುವ ಗ್ಯಾಸಿಗೆ ದುಡ್ಡೇ!’ ಎಂದರು. ಸ್ವಲ್ಪ ತಡೆದು, ‘ಆದರೆ ಅವಳು ಸುಮ್ಮನೆ ತೆಗೆದುಕೊಳ್ಳುವವಳಲ್ಲ. ಮೀನಿನ ತಲೆ, ಅನ್ನದ ಗಂಜಿ, ಹಲಸಿನ ಸಿಪ್ಪೆ ಎಲ್ಲ ಬಕೆಟಿನಲ್ಲಿ ತಂದು ಗುಂಡಿಗೆ ಹಾಕುತ್ತಾಳೆ. ಗ್ಯಾಸು ಈಗ ಮೊದಲಿಗಿಂತ ಹೆಚ್ಚು ಬರುತ್ತಿದೆ. ಹೆಚ್ಚು ಬಂದದ್ದು ಅವಳದೋ ನಮ್ಮದೋ ಎಂದು ಇವರು ಕೇಳುತ್ತಾರೆ’ ಎಂದು ಗಂಡನ ಕಡೆ ನೋಡಿ ನಕ್ಕರು.

ಗೆಳೆಯರು ನಗಲಿಲ್ಲ. ಹಟ್ಟಿಯ ಕಡೆ ಎದ್ದು ಹೋದರು. ನಾವೂ ಹಿಂದೆಯೇ ಹೋಗಿ ನೋಡಿದೆವು. ಡ್ರಮ್ಮು ಅರ್ಧಕ್ಕೆ ಇಳಿದಿತ್ತು.